ಝಕಾರ ಹುಡುಕಿದ್ದು

ಗುತ್ತಲು ರಸ್ತೆಯ ಪ್ರೆಸ್ಸಿನಲ್ಲಿ ನಾನು ಮಡಚುವವಳು.
ಹಾಳೆ ಮಡಚು, ಪಿನ್ನು ಹೊಡಿ, ನೂರಕ್ಕೊಂದು ಕಟ್ಟು.
ಕೆಟ್ಟ ಪ್ರತಿ, ಕಟಿಂಗ್ ಮಿಷಿನ್ನಿನಡಿ ಬಿದ್ದ ಚೂರು
ಗೋಣಿ ತುಂಬಿ ಗುಜರಿಗೆ.
ಈ ಸಲ ಒಂದು ಗೋಣಿ ಮನೆಗೆ ತಂದೆ.

ಸ್ಪರ್ಧೆಯ ಷರತ್ತು ನಾವೇ ಅಚ್ಚು ಹಾಕಿದ್ದು:
ಮೊಳ ಅಗಲ, ಒಂದೂಕಾಲು ಮೊಳ ಉದ್ದ,
ಕಂಪ್ಯೂಟರು ಮುಟ್ಟಕೂಡದು, ಬಣ್ಣ ಬಳಿಯಕೂಡದು,
ಕತ್ತರಿ, ಅಂಟು, ಕಾಗದ, ಅಷ್ಟೆ.
ಮೇಲೆ ಹೆಸರಿರಲೇಬೇಕು: ಝೇಂಕಾರ,
ಮಂಡ್ಯ ಕಲಾಮೇಳ, ಮೂರು ದಿನ.
ಐನೂರು ಮಡಚಿ ಕಟ್ಟಿದ ಮೇಲೆ
ಐನೂರೊಂದನೆಯದನ್ನು ರವಿಕೆಗೆ ಸಿಕ್ಕಿಸಿಕೊಂಡೆ.

ಅಂಟು ಗೊತ್ತಿರುವುದೇ. ಮೈದಾ ಗಂಜಿ, ಚಿಟಿಕೆ ಮೈಲುತುತ್ತ,
ಇಲ್ಲದಿದ್ದರೆ ಜಿರಳೆಗೆ ಹಬ್ಬ.
ಅತ್ತೆ ಮೂಸಿ ನೋಡಿ, ಪಾತ್ರೆ ಬೇರೆ ಇಡು ಅಂದರು.

ಎಲ್ಲರೂ ಕಬ್ಬು ಅಂಟಿಸುತ್ತಾರೆ, ಕನ್ನಂಬಾಡಿ ಅಂಟಿಸುತ್ತಾರೆ.
ನನಗೆ ತಮಟೆ ಬಡಿವ ಒಂದು ಕೈ ಸಾಕು, ಹಾಳೆ ತುಂಬ.
ತಮಟೆಗೆ ಸಿಮೆಂಟು ಚೀಲದ ಒಳಪದರ,
ಅಂಚಿಗೆ ಮದುವೆ ಕಾರ್ಡಿನ ಚಿನ್ನದ ಎಳೆ.
ಗಣಪತಿ ಇದ್ದ ಚೂರು ಮಾತ್ರ ಗೋಣಿಯಲ್ಲಿರಲಿಲ್ಲ.
ಅವನ್ನು ಖಲೀಮಣ್ಣ ಮೊದಲೇ ಆರಿಸಿ
ಹಳೇ ಇಂಕು ಡಬ್ಬಕ್ಕೆ ಹಾಕಿಡುತ್ತಾನೆ,
ತಿಂಗಳಿಗೊಮ್ಮೆ ನಾಲೆಗೆ ಬಿಡುತ್ತಾನೆ.
'ತುಳ್ದಾಡೊ ಜಾಗ, ಇಲ್ಯಾಕವ್ವ ಅವು.'

ಅಕ್ಷರಕ್ಕೆ ಮೂರು ರಾತ್ರಿ ಹೋಯಿತು.
ಕಾ ಸಿಕ್ಕಿದ್ದು ಕಾಫಿಪುಡಿ ಲೇಬಲ್ಲಿನಲ್ಲಿ,
ರ ರಸೀತಿ ಪುಸ್ತಕದಲ್ಲಿ.
ಸೊನ್ನೆಯನ್ನು ಸೀರೆಯಂಗಡಿ ರಿಯಾಯಿತಿಯಿಂದ ಕದ್ದೆ,
ಐವತ್ತು ಐದಾಯಿತು.
ಝ ಇಲ್ಲ.
ಲಗ್ನಪತ್ರಿಕೆಯಲ್ಲಿಲ್ಲ, ತಿಥಿ ಕಾರ್ಡಿನಲ್ಲಿಲ್ಲ,
ಸಹಕಾರ ಸಂಘದ ವರದಿ ನಲವತ್ತು ಪುಟ, ಅಲ್ಲೂ ಇಲ್ಲ.
ಎರಡನೇ ಕ್ಲಾಸಿನಲ್ಲಿ ಝರಿ ಅಂತ ಬರೆಸಿದ್ದರು,
ಆಮೇಲೆ ಆ ಅಕ್ಷರ ನಮ್ಮ ಕಡೆ
ಯಾರಿಗೂ ಬೇಕಾಗಿರಲಿಲ್ಲ ಅಂತ ಕಾಣುತ್ತೆ.
ಕೊನೆಗೆ ಕಪಾಟಿನ ತಳಕ್ಕೆ ಹಾಸಿದ್ದ ಹೋದ ಬೇಸಿಗೆಯ ಪೇಪರು:
ಬಿಸಿಲ ಝಳಕ್ಕೆ ಜನ ತತ್ತರ.
ಕತ್ತರಿಸಿದೆ. ಬಿಸಿಲಿಗೂ ಳಕ್ಕೆಗೂ ನಡುವೆ
ತೂತಿನಲ್ಲಿ ಕಪಾಟಿನ ಮರ ಕಂಡಿತು.
ತಲೆಕಟ್ಟು ಹೆರೆದು, ಬೆಲ್ಲದ ಮಂಡಿ ಕ್ಯಾಲೆಂಡರಿನ
ಮೇ ತಿಂಗಳಿಂದ ಏತ್ವ ದೀರ್ಘ ತಂದು ಕೂರಿಸಿದೆ.

ಕೈಗಳೇನು, ಬೇಕಾದಷ್ಟು. ಸೋಪು ಹಿಡಿದ ಕೈ,
ಬಳೆ ತೋರಿಸುವ ಕೈ, ಬ್ಯಾಂಕಿನವರು ಕುಲುಕುವ ಕೈ,
ಎಲ್ಲ ಕೆನೆಹಾಲಿನ ಬಣ್ಣ.
ಒಂದೂ ತಮಟೆ ಮೇಲೆ ಕೂರಲಿಲ್ಲ.
ಮಾರನೇ ದಿನ ಊಟದ ಹೊತ್ತಲ್ಲಿ
ಖಲೀಮಣ್ಣನ ಕೈ ಕಂದು ಹಾಳೆ ಮೇಲಿಡಿಸಿ
ಸುತ್ತ ಪೆನ್ಸಿಲು ಎಳೆದೆ.
ಹೆಬ್ಬೆರಳು ದಾಟಿದ್ದೇ ಪೆನ್ಸಿಲು ತಟಕ್ಕನೆ ತಿರುಗಿತು.
ಯಾವುದೋ ಚುನಾವಣೆ, ಕರಪತ್ರ, ನಿದ್ದೆಗೆಟ್ಟ ಮೂರನೇ ರಾತ್ರಿ.
'ಯಾರ್ ಗೆದ್ರು ಅಂತಾನೂ ಗೊತ್ತಿಲ್ಲ, ಬುಡು' ಅಂದ,
ಮುದ್ದೆ ಮುರಿದ.

ತೀರ್ಪಿಗೆ ಬಂದವರು ಮೈಸೂರಿನವರು, ಬಿಳಿ ಜುಬ್ಬ.
'ಒಂದು ಬೆರಳು ಅಂಟಿಸೋದು ಮರೆತಿದ್ದೀರಿ.'
ಇಲ್ಲ ಸಾರ್, ಎಣಿಸೇ ಕತ್ತರಿಸಿದ್ದು.
ಅವರು ಬರೆದುಕೊಂಡರು. ಏನು ಬರೆದರೋ.
ಮೊದಲ ಬಹುಮಾನ ಕನ್ನಂಬಾಡಿಗೇ ಹೋಯಿತು,
ತೂಬುಗಳಿಂದ ಚಾಕಲೇಟಿನ ಬೇಗಡೆ ಧುಮುಕುತ್ತಿತ್ತು.
ಚೆನ್ನಾಗಿತ್ತು, ಸುಳ್ಳೇಕೆ.
ನನ್ನದಕ್ಕೆ ಸಮಾಧಾನಕರ: ಒಂದು ಸ್ಟೀಲ್ ಡಬ್ಬಿ,
ಕಲಾಮಂದಿರದ ಹೊರಗೋಡೆಯಲ್ಲಿ ಜಾಗ.

ಕೊನೇ ದಿನ ಮಧ್ಯಾಹ್ನ ಖಲೀಮಣ್ಣ ಸೈಕಲ್ಲಿಳಿದ.
ಗೋಡೆ ಕಾದಿತ್ತು.
ಝ ಬಾಲದ ಕಡೆಯಿಂದ ಎದ್ದು ಸುರುಳುತ್ತಿತ್ತು.
ತನ್ನ ಕೈ ಹೇಗೆ ಬಂದಿದೆ ಅಂತ ಅವನು ನೋಡಲೇ ಇಲ್ಲ.
'ಅಂಟು ತೆಳ್ಳಗಾಗದೆ, ಇನ್ನೊಂದ್ ಕುದಿ ಬೇಕಿತ್ತು' ಅಂತ
ಹೆಬ್ಬೆರಳು ನಾಲಿಗೆಗೆ ತಾಗಿಸಿ
ಅದನ್ನು ಒತ್ತಿ ಹಿಡಿದ,
ನಾನು ನೂರು ಎಣಿಸುವ ತನಕ.